ಆಣೆಗಿಟ್ಟ ಚಪ್ಪಲಿ

ನಮ್ಮೂರು ಒನಿನಾಸೆಯ ದೊರೆ ಸಭೆಯಲ್ಲಿ ಜನರೊಂದಿಗೆ ನೇರವಾಗಿ ಮಾತಾಡುವಂತಿಲ್ಲ, ಜನರೂ ಅವರೊಂದಿಗೆ ನೇರವಾಗಿ ಮಾತಾಡುವಂತಿಲ್ಲ. ನಡುವೆ ಒಬ್ಬ ಒಚಿಯಾಮೆ ಇರಬೇಕು. ದೊರೆಯ ಬಾಯಿಯೂ ಅವನೇ, ಕಿವಿಯೂ ಅವನೇ. ಚಿನ್ನದ ತಗಡು ಹೊದಿಸಿದ ಕೋಲು ಹಿಡಿದು ದೊರೆಯ ಪಕ್ಕ ನಿಲ್ಲುವ ಆ ಒಚಿಯಾಮೆ ನಾನಾಗಿದ್ದೆ. ಹೆಸರು ಬಾದು. ದೊರೆ ಗೊಣಗಿದ್ದನ್ನು ಗಾದೆ ಸೇರಿಸಿ ಸಭೆಗೆ ಹೇಳುತ್ತಿದ್ದೆ, ಸಭೆ ಕಿರುಚಿದ್ದಕ್ಕೆ ಸಕ್ಕರೆ ಸವರಿ ದೊರೆಗೆ ಮುಟ್ಟಿಸುತ್ತಿದ್ದೆ. ಒಮ್ಮೆ ಒಬ್ಬ ಕುಡಿದು ಬಂದು "ಈ ದೊರೆ ಒಂದು ಮುದಿ ಕೋತಿ" ಎಂದ. "ದೊರೆಗಳು ಮರದ ತುದಿಯಲ್ಲಿ ಕೂತು ಎಲ್ಲವನ್ನೂ ಕಾಣುತ್ತಾರೆ ಅನ್ನುತ್ತಿದ್ದಾನೆ" ಎಂದು ತಲುಪಿಸಿದೆ. ನಿಜ ಮಾತು ಎಲ್ಲರಿಗೂ ಕೇಳಿಸಿತ್ತು, ದೊರೆಗೂ ಕೇಳಿಸಿತ್ತು. ಆದರೆ ಒಚಿಯಾಮೆಯ ಬಾಯಿಂದ ಹೊರಡದ ಮಾತು ನಮ್ಮಲ್ಲಿ ಆಡಿದ ಮಾತೇ ಅಲ್ಲ. ಕೇಳಿಸದಂತೆ ನಿಲ್ಲುವುದು ಮಾತಾಡುವುದಕ್ಕಿಂತ ಕಷ್ಟದ ವಿದ್ಯೆ, ಅದರಲ್ಲಿ ನನ್ನನ್ನು ಮೀರಿಸುವವರು ಸುತ್ತಿನ ಸೀಮೆಯಲ್ಲಿ ಇರಲಿಲ್ಲ. ಇದು ಜಂಬವಲ್ಲ. ಸರಿ, ಸ್ವಲ್ಪ ಜಂಬವೂ ಹೌದು.

ಕಂಪನಿ ಬಂದಾಗ ಊರಿಗೆ ಮೊದಲು ಬಂದದ್ದು ಸದ್ದು. ಚಿನ್ನದ ಕಲ್ಲು ಅರೆಯುವ ಗಿರಣಿ ಹಗಲು ರಾತ್ರಿ ಎನ್ನದೆ ಗುಡುಗುಟ್ಟಿತು. ಆ ಸದ್ದಿನೊಳಗೇ ಒಂದು ತಲೆಮಾರು ಹುಟ್ಟಿ, ಬೆಳೆದು, ಮದುವೆಯಾಯಿತು. ನಾವೆಲ್ಲ ಕೂಗಿ ಮಾತಾಡುವುದನ್ನು ಕಲಿತೆವು. ಬೇರೆ ಊರಿನವರು ಒನಿನಾಸೆಯವರೆಂದರೆ ಜಗಳಗಂಟರು ಅನ್ನುತ್ತಾರೆ. ಜಗಳವೇನಿಲ್ಲ, ಅಭ್ಯಾಸ ಅಷ್ಟೆ.

ಆಮೇಲೆ ಕಂಪನಿಯ ಕಣ್ಣು ಅಸುಫುವಾ ಹೊಳೆಯ ಮೇಲೆ ಬಿತ್ತು. ಚಿನ್ನದ ಎಳೆ ಹೊಳೆಯ ಅಡಿಯಲ್ಲೇ ಹೋಗಿದೆಯಂತೆ. ಹೊಳೆಯನ್ನು ಸಿಮೆಂಟಿನ ಕಾಲುವೆಗೆ ತಿರುಗಿಸಿ ಅದರ ಪಾತ್ರವನ್ನು ಅಗೆಯಬೇಕಂತೆ. ಹಿಂದಿನ ಸರ್ಕಾರ ಅದಕ್ಕೆ ಒಪ್ಪಂದ ಬರೆದುಕೊಟ್ಟಿತ್ತು. ಮುಂದೆ ಯಾರೇ ಅಧಿಕಾರಕ್ಕೆ ಬರಲಿ, ಯಾವ ಕಾನೂನೇ ಮಾಡಲಿ, ಅದು ಕಂಪನಿಗೆ ತಾಗುವಂತಿಲ್ಲ ಎಂದು ಅದರಲ್ಲಿತ್ತು. ಹಾಗೆ ಬರೆದುಕೊಟ್ಟ ಗಣಿ ಮಂತ್ರಿ ಈಗ ಕಂಪನಿಯಲ್ಲೇ ಸಲಹೆಗಾರ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ದೂರು ಕೊಡುವುದು?

ನಮ್ಮ ಹಿರಿಯರು ಸತ್ತದ್ದು ಆ ಹೊಳೆಯ ಕಡವಿನಲ್ಲಿ. ವಾರದ ಯಾವ ದಿನ, ಹೇಗೆ, ಎಷ್ಟು ಮಂದಿ ಎಂದು ನಾನಿಲ್ಲಿ ಬರೆಯುವುದಿಲ್ಲ. ಆ ವಾರವನ್ನೂ ಆ ಕಡವನ್ನೂ ಹೆಸರು ಹಿಡಿದು ಹೇಳುವುದೇ ನಮ್ಮ ದೊಡ್ಡ ಆಣೆ. ಜಗಳದ ನಡುವೆ ಅದನ್ನು ಯಾರೇ ಆಡಲಿ, ಪಾತ್ರೆ ತಿಕ್ಕುವ ಹೆಂಗಸೇ ಆಡಲಿ, ಎತ್ತಿದ ಗುದ್ದಲಿ ಎತ್ತಿದಲ್ಲೇ ನಿಲ್ಲಬೇಕು. ದೊರೆ ಕೂತು ನ್ಯಾಯ ಕೇಳಲೇಬೇಕು. ಎದುರಾಳಿಯೂ ತನ್ನ ತಾಯಿಮನೆಯ ಸತ್ತವರ ಹೆಸರು ಹೇಳಿ ಅದೇ ಆಣೆಗೆ ಬಾಯಿ ಕೊಡಬೇಕು. ಅಲ್ಲಿಯವರೆಗೆ ಜಗಳದ ವಸ್ತುವನ್ನು ಯಾರೂ ಮುಟ್ಟುವಂತಿಲ್ಲ. ಇಬ್ಬರಲ್ಲಿ ಸುಳ್ಳಾದವನ ಮೇಲೆ, ಅವನ ತಾಯಿಮನೆಯ ಮೇಲೆ ಆ ಸಾವುಗಳೆಲ್ಲ ಬಂದು ಬೀಳುತ್ತವೆ. ಅದಕ್ಕೇ ಯಾರೂ ಆಡುವುದಿಲ್ಲ. ನನ್ನ ಕಾಲದಲ್ಲಿ ಯಾರೂ ಆಡಿದ್ದಿಲ್ಲ.

ಹೊಸ ರಾಷ್ಟ್ರಾಧ್ಯಕ್ಷ ಲಾರ್ಟೆ ಗೆದ್ದದ್ದು ಕಂಪನಿಗಳಿಗೆ ಮೂಗುದಾರ ಹಾಕುತ್ತೇನೆ ಎಂದು ಹೇಳಿ. ಗೆದ್ದ ಮೇಲೆ ಒನಿನಾಸೆಗೆ ಬರುತ್ತಾರೆಂದು ಸುದ್ದಿಯಾಯಿತು. ಬರುವ ಹಿಂದಿನ ದಿನ ನನ್ನ ಅಕ್ಕನ ಮಗ ಕ್ವಾಚೆ ಮನೆಗೆ ಬಂದ. ಕಂಪನಿಯಲ್ಲಿ ದೊಡ್ಡ ಅಗೆಯುವ ಯಂತ್ರ ಓಡಿಸುವವನು ಅವನು. ಫುಫು ಮುದ್ದೆಯ ತಟ್ಟೆ ಮುಂದಿಟ್ಟರೂ ಕೈ ಹಾಕಲಿಲ್ಲ.

"ಮಾವ, ಹೊಳೆ ದಡ ಒಡಿಯೋಕೆ ನಂಗೇ ಹೇಳಿದಾರೆ. ಸಭೆ ಮುಗಿದ ತಕ್ಷಣ ಶುರು ಮಾಡ್ಬೇಕಂತೆ."

"ಆಗಲ್ಲ ಅನ್ನು."

"ನಾನು ಆಗಲ್ಲ ಅಂದ್ರೆ ಹಿಂದೆ ಬೇರೆಯೋರು ಸಾಲುಗಟ್ಟಿ ನಿಂತಿದಾರೆ. ಮಾವ, ಈ ಹೊಸ ಅಧ್ಯಕ್ಷ ನಿಲ್ಲಿಸ್ತಾನಾ?"

"ನಿಲ್ಲಿಸ್ತೀನಿ ಅಂತಾನೇ ಅಲ್ವೇನೋ ಗೆದ್ದಿದ್ದು."

"ಗೆಲ್ಲೋದು ಹಾರನ್ ಹೊಡೆದಂಗೆ ಮಾವ. ಬ್ರೇಕ್ ಹಿಡಿಯತ್ತೋ ಇಲ್ವೋ ಅಂತ ಇಳಿಜಾರಿಗೆ ಬಂದ್ಮೇಲೇ ಗೊತ್ತಾಗೋದು."

ಕಡವಿನ ಹತ್ತಿರವೇ ಅವನ ಅಜ್ಜಿಯನ್ನು, ಅಂದರೆ ನನ್ನ ಅವ್ವನನ್ನು, ಮಣ್ಣು ಮಾಡಿದ್ದೇವೆ. ಅದನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಾರು ಆರಿಹೋಯಿತು.

ಮಾರನೆಯ ದಿನ ಅರಮನೆಯ ಅಂಗಳಕ್ಕೆ ಹೋದರೆ ಚಪ್ಪರದ ಮೇಲೆ ಕಂಪನಿಯ ಹೆಸರು, ಕುರ್ಚಿಯ ಬೆನ್ನಿನ ಮೇಲೆ ಕಂಪನಿಯ ಹೆಸರು, ನೀರಿನ ಬಾಟಲಿಯ ಮೇಲೂ ಅದೇ. ಸಭೆಯನ್ನು ಬಿತ್ತರಿಸುವ ಊರ ರೇಡಿಯೊ ಕೂಡ ಅವರ ಖರ್ಚಿನಲ್ಲೇ ನಡೆಯುವುದು. ನಮ್ಮ ದೊರೆ ನಾನಾ ಅಂಪೆಮ್ ಕಂಪನಿ ಕೊಟ್ಟ ಕಾರಿನಲ್ಲಿ ಅರಮನೆಯ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಬಂದಿಳಿದರು. ರಾಣಿತಾಯಿ ನಾನಾ ದುಫಿಯೆ ಆಗಲೇ ಬಂದು ಕೂತಿದ್ದಳು. ನಾನಾ ಎಂಬುದು ನಮ್ಮಲ್ಲಿ ಅರಸು ಮನೆಯವರ ಬಿರುದು. ನಮ್ಮಲ್ಲಿ ದೊರೆಯನ್ನು ಆರಿಸುವವಳೂ ಅವಳೇ, ತಪ್ಪಿದಾಗ ಗದರುವವಳೂ ಅವಳೇ.

"ಬಾದು, ಬರೋ ಅಧ್ಯಕ್ಷನ ಬೆನ್ನು ನೋಡ್ಕೊಳೋ" ಎಂದಳು. "ಅಲ್ಲೂ ಹೆಸರು ಬರ್ಸಿರ್ತಾರೆ."

ಅಧ್ಯಕ್ಷ ಲಾರ್ಟೆ ಸೂಟಿನಲ್ಲಿ ಬರಲಿಲ್ಲ. ಎಡ ಭುಜದ ಮೇಲೆ ಬಟ್ಟೆ ಹೊದ್ದು, ದಪ್ಪ ಅಟ್ಟೆಯ ಕರಿ ಚಪ್ಪಲಿ ಮೆಟ್ಟಿ ಬಂದರು. ಬಟ್ಟೆಯ ಬಣ್ಣವನ್ನು ಮತ್ತೊಮ್ಮೆ ನೋಡಿದೆ. ಕಡುಗೆಂಪು ಮತ್ತು ಕಪ್ಪು, ಸೂತಕದ ಬಟ್ಟೆ. ಹೆಂಗಸರ ಸಾಲಿನಲ್ಲಿ ಪಿಸುಮಾತು ಎದ್ದಿತು. ಕಂಪನಿಯ ಮ್ಯಾನೇಜರ್ ಪ್ರಿಚರ್ಡ್ ಮಾತ್ರ ಕೈ ಕುಲುಕಿ "ತುಂಬ ಚೆನ್ನಾದ ಬಣ್ಣ" ಎಂದು ಹೊಗಳಿದರು.

ಕಾಲುವೆಯ ಕೆಲಸಕ್ಕೆ ಅಧ್ಯಕ್ಷರು ಎರಡು ಒಳ್ಳೆಯ ಮಾತು ಹೇಳುತ್ತಾರೆ ಎಂದು ಕಂಪನಿಯವರು ಎಣಿಸಿದ್ದರು. ಇಲ್ಲ, ಬೈದು ನಿಲ್ಲಿಸುತ್ತಾರೆ ಎಂದು ನಮ್ಮವರು ಎಣಿಸಿದ್ದರು. ಅಧ್ಯಕ್ಷರು ಎದ್ದು ನನ್ನ ಕಡೆ ತಿರುಗಿದರು.

"ಒಚಿಯಾಮೆ, ನಾನಾ ಅವರಿಗೆ ತಲುಪಿಸಿ. ಒಪ್ಪಂದಾನ ನಾನೇ ಕೂತು ಓದಿದೀನಿ, ನನ್ನ ವಕೀಲರೂ ಓದಿದಾರೆ. ಈ ಹೊಳೆ ವಿಷಯದಲ್ಲಿ ಅಧ್ಯಕ್ಷ ಅನ್ನೋನು ಬರೀ ಒಂದು ಹೆಸರು. ನಾನು ತಡೆದ್ರೆ ಅವರು ಲಂಡನ್ನಲ್ಲಿ ದಾವೆ ಹಾಕ್ತಾರೆ, ದೇಶದ ಹಡಗು ಹಿಡಿದು ನಿಲ್ಲಿಸ್ತಾರೆ. ಅಧ್ಯಕ್ಷನ ಕೈ ಕಟ್ಟಿಹಾಕಿದಾರೆ."

ಸಕ್ಕರೆ ಸವರುವುದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಇದ್ದಹಾಗೇ ತಲುಪಿಸಿದೆ. ಮೀನು ಮಾರುವವರ ಸಾಲಿನಿಂದ ಒಬ್ಬಳು ಕೂಗಿದಳು: "ಕೈ ಕಟ್ಟಿದ್ರೆ ವೋಟು ಕೇಳೋಕೆ ಬಂದಾಗ ಬೀಸಿದ್ದು ಯಾವ ಕೈಯಪ್ಪಾ?" ಅದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಪ್ರಿಚರ್ಡ್ ಮೆಲ್ಲಗೆ ಚಪ್ಪಾಳೆ ತಟ್ಟಿದರು. ನನಗೆ ನಿಜಕ್ಕೂ ಸಿಟ್ಟು ಬಂತು. ಸೋತವನು ಸೋತೆ ಎಂದು ಹೇಳಲು ಇಷ್ಟು ದೂರ ಬರಬೇಕಿತ್ತೇ?

ಆಗ ರಾಣಿತಾಯಿ ಕೈ ಎತ್ತಿದಳು.

"ಬಾದು, ಅಧ್ಯಕ್ಷನ ಮಾತು ಆಯ್ತು. ಈಗ ಈ ಮನುಷ್ಯ ಯಾರ ಮಗ ಅಂತ ಕೇಳು."

ಕೇಳಿದೆ. ಅಧ್ಯಕ್ಷರ ದನಿ ಇಳಿಯಿತು.

"ಫ್ರೆಮಾ ಮಗ. ಈ ಕಡವಿನ ದಡದಲ್ಲಿ ಮೀನಿಗೆ ಹೊಗೆ ಹಾಕಿ ಮಾರ್ತಿದ್ಲಲ್ಲ, ಆ ಫ್ರೆಮಾ."

ಅಂಗಳವೆಲ್ಲ ಅಲುಗಿತು. ಫ್ರೆಮಾ ಕರಾವಳಿಯ ಗಾ ಜನರ ಹುಡುಗನನ್ನು ಮದುವೆಯಾಗಿ ರಾಜಧಾನಿ ಅಕ್ರಾಕ್ಕೆ ಹೋದವಳು ಎಂದು ಮುದುಕರಿಗೆ ನೆನಪಿತ್ತು. ಅವಳ ಮಗನೇ ಇವನು ಎಂದು ನಮಗೂ ತಿಳಿದಿರಲಿಲ್ಲ, ರಾಣಿತಾಯಿಗೊಬ್ಬಳಿಗೆ ತಿಳಿದಿತ್ತೋ ಏನೋ. ಕಂಪನಿಯ ಓದಿದವರು ಅಧ್ಯಕ್ಷರ ಪೂರ್ವಾಪರವನ್ನೆಲ್ಲ ಜಾಲಾಡಿದ್ದರಂತೆ, ಆದರೆ ತಂದೆಯ ಹೆಸರು ಹಿಡಿದು ಹೋಗಿ ಕರಾವಳಿಯಲ್ಲೇ ನಿಂತಿದ್ದರು. ನಮ್ಮಲ್ಲಿ ಅಪ್ಪ ಹೆಸರು ಕೊಡುತ್ತಾನೆ, ಅವ್ವ ರಕ್ತ ಕೊಡುತ್ತಾಳೆ. ಫ್ರೆಮಾಳ ಮಗ ದೇಶಕ್ಕೆ ಏನೇ ಆಗಿರಲಿ, ಒನಿನಾಸೆಯ ಪೀಠಕ್ಕೆ, ಅಂದರೆ ದೊರೆಯ ಗದ್ದುಗೆಗೆ, ಪ್ರಜೆ.

"ಅಧ್ಯಕ್ಷನ ಕೈ ಕಟ್ಟಿಹಾಕಿದಾರೆ" ಎಂದು ಅವರು ಮತ್ತೆ ಹೇಳಿದರು. "ಫ್ರೆಮಾ ಮಗನ ಬಾಯಿ ಯಾರೂ ಕಟ್ಟಿಲ್ಲ."

ಅಷ್ಟು ಹೇಳಿ ಭುಜದ ಬಟ್ಟೆಯನ್ನು ಸೊಂಟಕ್ಕೆ ಇಳಿಸಿದರು. ಚಪ್ಪಲಿ ಕಳಚಿದರು. ಒಂದು ದೇಶದ ಅಧ್ಯಕ್ಷ ಬರಿಮೈಯಲ್ಲಿ, ಬರಿಗಾಲಲ್ಲಿ ನಮ್ಮ ಅಂಗಳದ ಸುಡುವ ಜಲ್ಲಿಯ ಮೇಲೆ ನಿಂತದ್ದನ್ನು ನಾನು ಕಂಡೆ. ಕಾವಲಿನ ಪೊಲೀಸರು ಏನು ಮಾಡಬೇಕೆಂದು ತಿಳಿಯದೆ ತಮ್ಮ ಟೊಪ್ಪಿ ತೆಗೆದರು. ಆಮೇಲೆ ಅಧ್ಯಕ್ಷರು ಆ ವಾರದ ಹೆಸರು ಹೇಳಿದರು. ಆ ಕಡವಿನ ಹೆಸರು ಹೇಳಿದರು.

"ಕಂಪನಿ ಈ ಹೊಳೆ ಮುಟ್ಟಬಾರ್ದು ಅಂತ ಆಣೆ ಇಡ್ತೀನಿ. ಮಾತಿಗೆ ತಪ್ಪಿದ್ರೆ ನನ್ನ ಮೇಲೆ ಬೀಳ್ಲಿ. ನನ್ನ ತಾಯಿಮನೆ ಮೇಲೆ ಬೀಳ್ಲಿ."

ಹೆಂಗಸರು ತಲೆಯ ಮೇಲೆ ಕೈ ಹೊತ್ತರು. ದೊರೆಯ ಛತ್ರಿಯನ್ನು ಕುಣಿಸುತ್ತಿದ್ದವನು ಕುಣಿಸುವುದನ್ನು ಮರೆತ. ಇಷ್ಟು ವರ್ಷ ಸಭೆ ನಡೆಸಿದವನು ನಾನು, ಒಂದು ಮಾತು ಗಾಳಿಯಲ್ಲಿ ಹಾಗೆ ನಿಂತದ್ದನ್ನು ಕಂಡಿರಲಿಲ್ಲ. ಅದು ಕೆಳಗೆ ಬೀಳಬೇಕಾದರೆ ನಾನು ಬಾಯಿ ತೆರೆಯಬೇಕಿತ್ತು.

ನಾನಾ ಅಂಪೆಮ್ ಬೆರಳಿನಿಂದ ನನ್ನ ಬೆನ್ನು ತಿವಿದರು.

"ನಿಂಗೆ ಕೇಳಿಸ್ಲಿಲ್ಲ, ಬಾದು."

ಅಷ್ಟೇ ಅವರು ಹೇಳಿದ್ದು. ಕೆಟ್ಟ ಮನುಷ್ಯರಲ್ಲ ಅವರು. ಕಾರು, ಹೊಸ ಮಾಡು, ಮಗಳ ಓದು, ಒಂದೊಂದಾಗಿ ಒಪ್ಪಿಕೊಂಡು ಕೊನೆಗೆ ತಾವೇ ಕಂಪನಿಯ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು. ನಾನು ಸುಮ್ಮನೆ ನಿಂತರೆ ಸಾಕಿತ್ತು. ಆಣೆ ಆಡಿದಂತೆಯೇ ಅಲ್ಲ. ಕೋಲು ನನ್ನ ಕೈಯಲ್ಲೇ ಉಳಿಯುತ್ತಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಮ್ಮೂರಲ್ಲಿ ಬಂಗಾರ ಮಾಡಿದ್ದನ್ನು ನೋಡಿದವನಿಗೆ ಆ ಗಾದೆಯ ಮೇಲೆ ನಂಬಿಕೆ ಉಳಿಯುವುದಿಲ್ಲ.

ನಾನು ಅಧ್ಯಕ್ಷರ ಕಾಲು ನೋಡಿದೆ. ಬೂಟಿನೊಳಗೇ ಬದುಕಿದ ಮೆತ್ತಗಿನ ಕಾಲು. ಬಿಸಿ ಜಲ್ಲಿ ತಾಳಲಾರದೆ ಬೆರಳು ಮಡಚಿಕೊಳ್ಳುತ್ತಿದ್ದವು, ಆದರೂ ಆಸಾಮಿ ಕದಲಲಿಲ್ಲ. ನನಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದೇಕೆ? ಕೋಲನ್ನು ನೆಲಕ್ಕೆ ಕುಟ್ಟಿದೆ.

"ಕೇಳಿಸಿತು" ಎಂದೆ. "ಫ್ರೆಮಾಳ ಮಗ ಆಡಿದ್ದು ಒನಿನಾಸೆಗೆ ಕೇಳಿಸಿತು. ಹೊಳೆ ಆಣೆಯೊಳಗಿದೆ."

ಮಾತಾಡುವ ಜೋಡಿ ನಗಾರಿ ಅದನ್ನೇ ಹೇಳಿತು. ರೇಡಿಯೊದಲ್ಲಿ ಅದು ಗಣಿಗೂ ಹೋಯಿತು. ಅಲ್ಲಿ ಚಾಲಕರೆಲ್ಲ ತಂತಮ್ಮ ಯಂತ್ರದೊಳಗೆ ಕೂತು ಸಭೆಯನ್ನೇ ಕೇಳುತ್ತಿದ್ದರು. ದಡದ ಮೇಲೆ ಮೊದಲು ಯಂತ್ರ ಆರಿಸಿದವನು ಕ್ವಾಚೆ. ಆಮೇಲೆ ಅವನ ಪಕ್ಕದವನು, ಆಮೇಲೆ ಮಣ್ಣಿನ ಲಾರಿಗಳು. ಯಾರು ಹೇಳಿದರೋ, ಕೊನೆಗೆ ಗಿರಣಿಯೂ ನರಳುತ್ತಾ ನರಳುತ್ತಾ ನಿಂತಿತು.

ಕಿವಿಯೊಳಗಿಂದ ಏನನ್ನೋ ಕಿತ್ತುಕೊಂಡು ಹೋದ ಹಾಗಾಯಿತು. ಆ ನಿಶ್ಶಬ್ದದೊಳಗಿಂದ ಸಣ್ಣಗೆ, ದೂರದಿಂದ, ಯಾರೋ ಎಡೆಬಿಡದೆ ಮಾತಾಡುತ್ತಿರುವಂತೆ ಒಂದು ದನಿ ಬಂತು. ಒಂದು ಮಗು ಹೆದರಿ ತಾಯಿಯ ಸೆರಗು ಹಿಡಿಯಿತು.

"ಅದೇನಮ್ಮಾ?"

"ಹೊಳೆ ಕಣೇ" ಎಂದಳು ತಾಯಿ. ಅವಳಿಗೂ ಖಾತರಿ ಇರಲಿಲ್ಲ, ಪಕ್ಕದ ಮುದುಕಿಯ ಮುಖ ನೋಡಿದಳು. ಮುದುಕಿ ಅಳುತ್ತಿದ್ದಳು. ನಾನೂ ಅತ್ತೆ. ಇಷ್ಟು ಕಾಲ ಆ ಹೊಳೆ ಮಾತಾಡುತ್ತಲೇ ಇತ್ತು, ಊರಿಗೆ ಊರೇ ಕೇಳಿಸದಂತೆ ಬದುಕಿತ್ತು.

ಪ್ರಿಚರ್ಡ್ ಎದ್ದು ನಿಂತರು. "ಇದಕ್ಕೆ ಕಾನೂನಿನಲ್ಲಿ ಏನು ಬೆಲೆ?" ಎಂದು ನೇರವಾಗಿ ದೊರೆಯನ್ನೇ ಕೇಳಿದರು. ಅವರ ದುಭಾಷಿ ಹುಡುಗಿ ತಡವರಿಸುತ್ತಾ ನನಗೆ ತಲುಪಿಸಿದಳು. ರಾಣಿತಾಯಿಯೇ ಉತ್ತರ ಕೊಟ್ಟಳು.

"ಬೆಲೆ ಆಮೇಲೆ ಮಾತಾಡೋಣ. ಆಣೆಗೆ ಎದುರಾಣೆ ಬೇಕು. ಕಂಪನಿ ಬಂದು ಬಾಯಿ ಕೊಡ್ಲಿ. ಅದರ ತಾಯಿ ಯಾರು?"

"ನಾನು ಕಂಪನಿಯ ಪರವಾಗಿ ಬಂದಿದ್ದೇನೆ."

"ನಿನ್ನ ತಾಯಿ ಇರ್ತಾಳಪ್ಪ, ಪುಣ್ಯಾತ್ಗಿತ್ತಿ, ಅವಳನ್ಯಾಕೆ ಎಳೀತೀಯ? ಕಂಪನಿ ತಾಯಿ ಯಾರು?"

"ಅದರ ಒಡೆಯರು ಷೇರುದಾರರು."

"ಎಲ್ಲಿದಾರೆ?"

"ಎಲ್ಲ ಕಡೆಯೂ ಇದ್ದಾರೆ."

"ಕರ್ಕೊಂಡು ಬಾ. ಅವರ ಮನೇಲಿ ಸತ್ತೋರ ಹೆಸರು ಹೇಳ್ಲಿ."

ಯಾರೋ ಕಿಸಕ್ಕೆಂದರು. ಪ್ರಿಚರ್ಡ್ ನಗಲಿಲ್ಲ. ಆ ಮನುಷ್ಯನ ಮುಖದಲ್ಲೂ ಒಂದು ಬೆರಗು ಕಂಡೆ. ಇಷ್ಟು ವರ್ಷ ಯಾರಿಗಾಗಿ ದುಡಿದರೋ ಅವರ ಮುಖ ತಾನೂ ನೋಡಿಲ್ಲ ಎಂದು ಆಗಲೇ ಹೊಳೆದಿತ್ತೋ ಏನೋ. ಮಂತ್ರಿಗಳನ್ನು ಕೊಂಡದ್ದು, ಒಪ್ಪಂದ ಬರೆಸಿದ್ದು, ದೇಶದ ಕೈ ಕಟ್ಟಿದ್ದು, ಇದನ್ನೆಲ್ಲ ಮಾಡಿದ ಅಷ್ಟು ದೊಡ್ಡದಕ್ಕೆ ಎದುರು ಬಂದು ನಿಲ್ಲಲು ಒಂದು ಜೊತೆ ಕಾಲಿರಲಿಲ್ಲ.

ಆಣೆ ಇಟ್ಟವನು ತೀರ್ಪಾಗುವವರೆಗೆ ಚಪ್ಪಲಿಯನ್ನು ಪೀಠದ ಮುಂದೆ ಬಿಟ್ಟು ಹೋಗಬೇಕು. ಸುಮ್ಮನೆ ಬಂದು ಮೆಟ್ಟಿಕೊಂಡು ಹೋದರೆ ಆಣೆ ಹಿಂತೆಗೆದಂತೆ, ಬೀಳಬೇಕಾದ್ದು ಅವನ ಮೇಲೆ ಬಿದ್ದಂತೆ. ಅಧ್ಯಕ್ಷರು ಬರಿಗಾಲಲ್ಲೇ ಕಾರಿಗೆ ನಡೆದರು. ಅವರ ಕಾರು ಅಂಗಳ ದಾಟುವ ಮೊದಲೇ ನಾನಾ ಅಂಪೆಮ್ ನನ್ನ ಕೈಯಿಂದ ಕೋಲು ತೆಗೆದುಕೊಂಡರು. ಒಂದು ಮಾತೂ ಆಡಲಿಲ್ಲ. ಆಡಬೇಕೆಂದರೂ ಅವರಿಗೆ ಆಗ ಬಾಯಿ ಇರಲಿಲ್ಲವಲ್ಲ.

ಗಿರಣಿ ಮರುದಿನವೇ ಮತ್ತೆ ಶುರುವಾಯಿತು. ಆಣೆ ಇದ್ದದ್ದು ಹೊಳೆಯ ಮೇಲೆ, ಗಿರಣಿಯ ಮೇಲಲ್ಲ. ದಡದ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ. ಕಂಪನಿ ಕ್ವಾಚೆಯನ್ನು ಮನೆಗೆ ಕಳಿಸಿ ಉತ್ತರದ ಸೀಮೆಯಿಂದ ಯಂತ್ರದವರನ್ನು ಕರೆಸಿತು. ಅವರು ಬಂದು, ದಡ ನೋಡಿ, ಸಂಜೆ ನಮ್ಮ ಮನೆಯ ಮುಂದೆ ಕೂತು ಸಂಗತಿ ಕೇಳಿದರು. "ಆಣೆ ನಿಮ್ದಿರಬಹುದು ಅಜ್ಜ, ಸತ್ತೋರು ಎಲ್ಲಾರ್ಗೂ ಸತ್ತೋರೇ" ಎಂದು ಹೇಳಿ ಮುಂಜಾನೆಯ ಬಸ್ಸು ಹತ್ತಿದರು. ಲಂಡನ್ನಿನಲ್ಲಿ ದಾವೆ ಬಿತ್ತು. ಅಧ್ಯಕ್ಷರನ್ನು ಪತ್ರಿಕೆಗಳು ಮಾಟದ ಅಧ್ಯಕ್ಷ ಎಂದು ಆಡಿಕೊಂಡವು. ಒಂದು ಹಡಗನ್ನು ಎಲ್ಲೋ ನಿಜಕ್ಕೂ ಹಿಡಿದು ನಿಲ್ಲಿಸಿದರು, ಇಲ್ಲಿ ಪೆಟ್ರೋಲ್ ತುಟ್ಟಿಯಾಯಿತು, ಫ್ರೆಮಾಳ ಮಗನನ್ನು ನಮ್ಮವರೇ ಬೈದರು. ನಾನೂ ಒಂದೆರಡು ಸಲ ಬೈದೆ.

ಕೋಲು ಹೋದ ಮೇಲೆ ರಾಣಿತಾಯಿ ನನಗೊಂದು ಕೆಲಸ ಕೊಟ್ಟಿದ್ದಳು. ದಿನಾ ಬೆಳಿಗ್ಗೆ ಪೀಠದ ಮನೆಗೆ ಹೋಗಿ ಆ ಚಪ್ಪಲಿಯ ಧೂಳು ಒರೆಸುವುದು. ದೊರೆಯ ಬಾಯಾಗಿದ್ದವನಿಗೆ ಚಪ್ಪಲಿ ಒರೆಸುವ ಕೆಲಸ ಎಂದು ಊರು ನಕ್ಕಿತು.

ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಬಂದಾಗ ಅಕ್ರಾದಿಂದ ಒಬ್ಬ ಅಧಿಕಾರಿ ಬಂದ. ಕಂಪನಿಯ ಜೊತೆ ರಾಜಿಯಾಗುತ್ತಿದೆ, ಹೊಳೆಯ ಅರ್ಧ ಭಾಗ ಮಾತ್ರ ಅಗೆಯುತ್ತಾರೆ ಎಂದ. ಸದ್ದುಗದ್ದಲವಿಲ್ಲದೆ ಆ ಚಪ್ಪಲಿ ಕೊಟ್ಟುಬಿಡಬೇಕು ಎಂದ. ನಾನಾ ಅಂಪೆಮ್ ತಲೆಯಾಡಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಚಪ್ಪಲಿ ತಾನಾಗಿ ನಡ್ಕೊಂಡು ಬರ್ಲಿಲ್ಲ ಸ್ವಾಮಿ. ಕಾಲು ತಂದಿತ್ತು. ಕಾಲನ್ನೇ ಕಳ್ಸಿ."

ಬೈದು ಹೋದ. ಆ ವಾರವಿಡೀ ದಾರಿಯ ಕಡೆಗೇ ನೋಡುತ್ತಿದ್ದೆ. ಅಧ್ಯಕ್ಷರೇ ಬರುತ್ತಾರೆ, ಮೆಟ್ಟಿಕೊಂಡು ಹೋಗುತ್ತಾರೆ, ಎಲ್ಲ ಮುಗಿಯುತ್ತದೆ ಎಂದುಕೊಂಡೆ.

ಅಧ್ಯಕ್ಷರು ಬಂದೇ ಬಂದರು. ಬೆಳಗಿನ ಹೊತ್ತು, ಒಂದೇ ಕಾರು, ಧ್ವಜವಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬೂಟು ಹೊರಗೆ ಬಿಟ್ಟು ಪೀಠದ ಮನೆಯ ನೆಲದ ಮೇಲೆ ಚಪ್ಪಲಿಯ ಎದುರು ಕೂತರು.

"ಧೂಳೇ ಇಲ್ವಲ್ಲ. ಯಾರು ಒರೆಸ್ತಾರೆ?"

"ನಾನೇ."

"ಕಾಗದ ಮೇಜಿನ ಮೇಲಿದೆ ಅಜ್ಜ. ಸಹಿ ಒಂದೇ ಬಾಕಿ. ದೇಶ ಬೈತಿದೆ." ಚಪ್ಪಲಿಯ ಕಡೆ ನೋಡಿ ಕೇಳಿದರು: "ಈಗ ನಾನು ಮೆಟ್ಕೊಂಡ್ರೆ ನೀವೇನಂತೀರಿ?"

"ಏನೂ ಅನ್ನಲ್ಲ. ನಾನೀಗ ಯಾರ ಬಾಯೂ ಅಲ್ಲ. ನೀವು ಹೋದ್ಮೇಲೆ ಈ ಜಾಗ ಗುಡಿಸ್ತೀನಿ, ಅಷ್ಟೇ."

ಅವರು ಎದ್ದರು. ಬಲಗಾಲು ಮುಂದೆ ಇಟ್ಟು ಚಪ್ಪಲಿಯ ಮೇಲೆ ತಂದರು. ಕಾಲು ಅಲ್ಲೇ, ಗಾಳಿಯಲ್ಲಿ, ನಡುಗುತ್ತಾ ನಿಂತಿತು. ಯಾವ ರಾಜನ ಪಟ್ಟದಲ್ಲೂ ನಾನು ಅಂಥದ್ದನ್ನು ಕಂಡಿಲ್ಲ. ಒಂದು ದೇಶದ ಭಾರವೆಲ್ಲ ಒಂದು ಹಿಮ್ಮಡಿಯಲ್ಲಿ ಕೂತಿತ್ತು.

ಆಮೇಲೆ ಕಾಲನ್ನು ಹಿಂದಕ್ಕೆ ತೆಗೆದು ಬರಿ ನೆಲಕ್ಕೇ ಇಟ್ಟರು.

ಹೊರಗೆ ಚಾಲಕ ಬೂಟು ಎತ್ತಿಕೊಟ್ಟ. ಬೇಡ ಎಂದು ಕೈಯಲ್ಲಿ ಸನ್ನೆ ಮಾಡಿ, ಅದೇ ಜಲ್ಲಿಯ ಮೇಲೆ ಬರಿಗಾಲಲ್ಲಿ ಕಾರಿನವರೆಗೆ ಹೋದರು. ಲಂಡನ್ನಿನಲ್ಲಿ ಗೆಲ್ಲುತ್ತಾರೋ ಸೋಲುತ್ತಾರೋ ನನಗೆ ಗೊತ್ತಿಲ್ಲ. ಕಾರು ಕಣ್ಮರೆಯಾಗುವವರೆಗೆ ನಿಂತಿದ್ದು ಒಳಗೆ ಬಂದೆ, ಬಟ್ಟೆ ಒದ್ದೆ ಮಾಡಿಕೊಂಡು ಚಪ್ಪಲಿ ಒರೆಸಲು ಕೂತೆ.